ವೆದರ್ ಮತ್ತು ಕ್ಲೈಮೇಟ್: ಅನುವಾದಕರ ಗಮನಕ್ಕೆ

ಗುಂಪಿನ ಎಲ್ಲ ಸದಸ್ಯರಿಗೂ ನಮಸ್ಕಾರ.

ಈ ವಾರ ತಿದ್ದುಪಡಿಗೆ ಬಂದ ಬರಹಗಳಲ್ಲಿ ವೆದರ್ ಮತ್ತು ಕ್ಲೈಮೇಟ್ ಎಂಬ ಎರಡು ಇಂಗ್ಲಿಷ್ ಪದಗಳಿಗೂ ‘ಹವಾಮಾನ’ ಎಂಬ ಒಂದೇ ಪದವನ್ನು ಬಳಸಿರುವುದು ಕಂಡುಬಂದ ಕಾರಣ ಈ ಸೂಚನೆಯನ್ನು ಬರೆಯುತ್ತಿದ್ದೇನೆ. ವೆದರ್ ಎಂದರೆ ಇಂದು ಅಥವಾ ಬರುವ ಎರಡು ಮೂರು ದಿನ ಒಂದು ಊರಿನಲ್ಲಿ ಇರುವ ಬಿಸಿಲು, ಮಳೆ, ಗಾಳಿಗಳ ಸ್ಥಿತಿ. ಕ್ಲೈಮೇಟ್ ಎಂದರೆ ಸಾಮಾನ್ಯವಾಗಿ 30 ವರ್ಷಗಳ ದಾಖಲೆಯಿಂದ ತಿಳಿದುಬರುವ, ಆ ಪ್ರದೇಶದ ಸರಾಸರಿ ಸ್ವರೂಪ. ಜನವರಿಯ ಒಂದು ಮಧ್ಯಾಹ್ನ ಆಗುಂಬೆಯಲ್ಲಿ ಚುರುಗುಟ್ಟುವ ಬಿಸಿಲಿದ್ದರೆ ಅದು ವೆದರ್. ಆಗುಂಬೆ ಭಾರಿ ಮಳೆಯ ಊರು ಎಂಬುದು ಕ್ಲೈಮೇಟ್. ‘ಇವತ್ತು ಕ್ಲೈಮೇಟ್ ಚೆನ್ನಾಗಿದೆ’ ಎಂದು ಬೆಂಗಳೂರಿನಲ್ಲಿ ದಿನವೂ ಕೇಳುವ ಮಾತು (ನಾನೂ ಆಡುತ್ತೇನೆ) ಬಾಯಿಮಾತಿಗೆ ನಡೆಯುತ್ತದೆಯೇ ಹೊರತು ನಮ್ಮ ಬರಹಕ್ಕೆ ಸಲ್ಲದು.

ಶಾಲೆಯ ಭೂಗೋಳ ಪಠ್ಯಗಳಲ್ಲಿ ಕ್ಲೈಮೇಟ್‌ಗೆ ‘ವಾಯುಗುಣ’ ಎಂಬ ಪದವನ್ನು ನಾವೆಲ್ಲ ಓದಿಯೇ ಬಂದಿದ್ದೇವೆ. ಗುಣ ಎಂಬುದು ಸ್ವಭಾವವನ್ನು ಸೂಚಿಸುವುದರಿಂದ ಅರ್ಥವೂ ಸೊಗಸಾಗಿ ಹೊಂದುತ್ತದೆ. ಹೀಗಿರುವಾಗ ಅದನ್ನು ಏಕೆ ಕೈಬಿಟ್ಟೆವೋ ತಿಳಿಯದು. ಪತ್ರಿಕೆಗಳಲ್ಲಿ ‘ಹವಾಮಾನ ಬದಲಾವಣೆ’ ಎಂಬ ಪ್ರಯೋಗ ಬೇರೂರಿರುವುದರಿಂದ ಅದೊಂದನ್ನು ಹಾಗೆಯೇ ಉಳಿಸಿಕೊಂಡು, ಉಳಿದೆಡೆ ವೆದರ್‌ಗೆ ‘ಹವಾಮಾನ’, ಕ್ಲೈಮೇಟ್‌ಗೆ ‘ವಾಯುಗುಣ’ ಎಂದು ಬರೆಯಬೇಕಾಗಿ ವಿನಂತಿ.

ಈಗಾಗಲೇ ಕಳುಹಿಸಿರುವ ಕಡತಗಳನ್ನು ದಯವಿಟ್ಟು ಶನಿವಾರದೊಳಗೆ ತಿದ್ದಿ ಮತ್ತೆ ಕಳುಹಿಸಿ. ಕಂಪ್ಯೂಟರಿನಲ್ಲಿ ಪದವನ್ನು ಒಟ್ಟಿಗೇ ಬದಲಿಸದೆ, ಪ್ರತಿ ವಾಕ್ಯವನ್ನೂ ಮೂಲದೊಂದಿಗೆ ಹೋಲಿಸಿ ನೋಡಿರಿ.