ಲಿಂಕನ್ ಕಳಿಸದ ಪತ್ರ

ವಾಷಿಂಗ್ಟನ್

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರಗಳು.

ನಾನಿಲ್ಲಿ ಚೆನ್ನಾಗಿದ್ದೇನೆ. ಅಮ್ಮ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೇನೆ, ಚಿಂತೆ ಮಾಡಬೇಡ.

ಅಪ್ಪ, ಏನು ಓದುತ್ತಿದ್ದೀಯ ಅಂತ ಫೋನಿನಲ್ಲಿ ಕೇಳಿದಿರಲ್ಲ. ಈ ಸೆಮಿಸ್ಟರ್ ಪೂರ್ತಿ ಅಬ್ರಹಾಂ ಲಿಂಕನ್‌ನ ಪತ್ರಗಳೇ. ಶಿಕ್ಷಕರ ದಿನಾಚರಣೆಗೆ ನಮ್ಮಲ್ಲಿ ಓದುತ್ತಾರಲ್ಲ, ಮಗನ ಮೇಷ್ಟ್ರಿಗೆ ಲಿಂಕನ್ ಬರೆದದ್ದು ಅಂತ? ಆ ಪತ್ರ ಅವನ ಕಾಗದಗಳಲ್ಲಿ ಎಲ್ಲೂ ಇಲ್ಲ. ನಿಮ್ಮ ಸ್ಟಾಫ್ ರೂಮಿನ ಗೋಡೆ ಮೇಲೂ ಅದು ಇತ್ತು ಅಲ್ವಾ? ಬೇಜಾರಾಗಬೇಡಿ. ಅವನು ನಿಜವಾಗಿ ಬರೆದದ್ದು ಅದಕ್ಕಿಂತ ಎಷ್ಟೋ ಚೆನ್ನಾಗಿದೆ.

1863ರ ಜುಲೈ ತಿಂಗಳು. ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ನಡೆಯುತ್ತಿತ್ತು, ಲಿಂಕನ್ ಆಗ ಅಧ್ಯಕ್ಷ. ಗೆಟಿಸ್‌ಬರ್ಗ್‌ನಲ್ಲಿ ಮೂರು ದಿನ ಕಾದಾಡಿ ಲಿಂಕನ್ ಕಡೆಯ ಜನರಲ್ ಮೀಡ್ ಗೆದ್ದಿದ್ದ. ಆದರೆ ಸೋತ ದಕ್ಷಿಣದವರ ದಂಡನಾಯಕ ಲೀ ತನ್ನ ಸೈನ್ಯದ ಜೊತೆ ಪೊಟೋಮ್ಯಾಕ್ ನದಿ ದಾಟಿ ತಪ್ಪಿಸಿಕೊಂಡ. 14ನೇ ತಾರೀಖು ಲಿಂಕನ್ ಮೀಡ್‌ಗೆ ಬರೆಯಲು ಕೂತ. ಮೊದಲು ಗೆಲುವಿಗೆ ಮನಸಾರೆ ಕೃತಜ್ಞತೆ, ನೋವು ಮಾಡಿದ್ದಕ್ಕೆ ವಿಷಾದ. ಆಮೇಲೆ ಸಂಕಟ ತಡೆಯಲಾಗಲಿಲ್ಲ. ಲೀ ನಿಮ್ಮ ಕೈಗೆ ಸಿಗುವಷ್ಟು ಹತ್ತಿರ ಇದ್ದ, ಹಿಡಿದಿದ್ದರೆ ಯುದ್ಧವೇ ಮುಗಿಯುತ್ತಿತ್ತು, ಇನ್ನು ಎಲ್ಲಿಯವರೆಗೆ ಎಳೆಯುತ್ತದೋ ಅಂತ ಬರೆದ. ಬರೆದು ಲಕೋಟೆಯ ಮೇಲೆ ಗುರುತು ಹಾಕಿಟ್ಟ: ಜನರಲ್ ಮೀಡ್‌ಗೆ, ಕಳಿಸಲಿಲ್ಲ, ಸಹಿ ಮಾಡಲಿಲ್ಲ.

ಅದರ ಹಿಂದಿನ ದಿನವೇ ಇನ್ನೊಂದು ಪತ್ರ ಬರೆದಿದ್ದ, ವಿಕ್ಸ್‌ಬರ್ಗ್ ಪಟ್ಟಣ ಗೆದ್ದ ತನ್ನ ಇನ್ನೊಬ್ಬ ಜನರಲ್ ಗ್ರಾಂಟ್‌ಗೆ. ನಾವಿಬ್ಬರೂ ಭೇಟಿಯಾದ ನೆನಪಿಲ್ಲ ಅಂತ ಶುರು ಮಾಡುತ್ತಾನೆ. ನಿಮ್ಮ ದಾರಿ ತಪ್ಪು ಅಂದುಕೊಂಡಿದ್ದೆ, ನೀವೇ ಸರಿ, ನಾನೇ ತಪ್ಪು ಅಂತ ಮುಗಿಸುತ್ತಾನೆ. ಅದನ್ನು ಕಳಿಸಿದ.

ದೇಶ ಎರಡು ಹೋಳಾಗಿ ಹೊತ್ತಿ ಉರಿಯುತ್ತಿದೆ. ಅಂಥ ಹೊತ್ತಲ್ಲಿ ತನ್ನ ತಪ್ಪನ್ನು ಕಳಿಸಿ, ಸಿಟ್ಟನ್ನು ತನ್ನಲ್ಲೇ ಇಟ್ಟುಕೊಂಡ. ನನಗೆ ಅವನ ನಾಯಕತ್ವ ಕಾಣುವುದು ಇಲ್ಲೇ, ದೊಡ್ಡ ಭಾಷಣಗಳಿಗಿಂತ ಜಾಸ್ತಿ. ಮೀಡ್‌ನ ಸೈನ್ಯವೂ ಸಾವಿರಾರು ಜನರನ್ನು ಕಳೆದುಕೊಂಡು ದಣಿದಿತ್ತು. ಆ ಪತ್ರ ಕೈಗೆ ಸಿಕ್ಕಿದ್ದರೆ ಅವನು ಕೆಲಸ ಬಿಟ್ಟೇ ಹೋಗುತ್ತಿದ್ದನೇನೋ. ಮೊದಲೇ ರಾಜೀನಾಮೆ ಕೊಡಲು ಮುಂದಾಗಿದ್ದ. ಆದರೆ 1865ರಲ್ಲಿ ಯುದ್ಧ ಮುಗಿಯುವವರೆಗೂ ಆ ಸೈನ್ಯಕ್ಕೆ ಅವನೇ ದಂಡನಾಯಕ.

ಲೈಬ್ರರಿ ಆಫ್ ಕಾಂಗ್ರೆಸ್‌ನವರು ಲಿಂಕನ್‌ನ ಕಾಗದಗಳನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್‌ಗೆ ಹಾಕಿದ್ದಾರೆ. ತಂಗಿಗೆ ಹೇಳಿ ತೆಗೆಸಿಕೊಳ್ಳಿ. ಓದಿ ನಿಮಗೆ ಏನನ್ನಿಸಿತು ಬರೆಯಿರಿ. ಪ್ರಬಂಧ ಕೊಡುವ ಮುಂಚೆ ನಿಮ್ಮ ಮಾತು ಬೇಕು ನನಗೆ.

ನಿಮ್ಮ ಪ್ರೀತಿಯ ಮಗಳು