ಪ್ರಯೋಗ ಹೂಡುವುದನ್ನೂ ಕಲಿಸಿ

ಮಾನ್ಯ ಸಂಪಾದಕರೇ,

ವಿಜ್ಞಾನ ಶಿಕ್ಷಣದ ಮಾತು ಬಂದಾಗಲೆಲ್ಲ ಉಪಕರಣಗಳ ಕೊರತೆಯದೇ ದೂರು. ಕಂಡೆನ್ಸ್ಡ್ ಮ್ಯಾಟರ್ ಫಿಸಿಕ್ಸ್‌ನಲ್ಲಿ (ಘನ, ದ್ರವ ವಸ್ತುಗಳ ಗುಣಗಳ ಭೌತಶಾಸ್ತ್ರ) ಪಿಎಚ್.ಡಿ. ಮಾಡುತ್ತಿರುವ ನನ್ನ ಕಷ್ಟ ಬೇರೆ. ಉಪಕರಣ ಇತ್ತು, ಅದರಿಂದ ಏನು ಕೇಳಬೇಕೆಂದೇ ತಿಳಿಯುತ್ತಿರಲಿಲ್ಲ.

ಎಂ.ಎಸ್ಸಿ.ಯಲ್ಲಿ ಮಾಡಿದ ಪ್ರತಿ ಪ್ರಯೋಗದ ಉತ್ತರವೂ ಮೊದಲೇ ಗೊತ್ತಿತ್ತು. ಜರ್ಮೇನಿಯಂ ಚೂರಿನ ಮೇಲೆ ನಾಲ್ಕು ಮೊನೆ ಇಟ್ಟು ಬ್ಯಾಂಡ್ ಗ್ಯಾಪ್ (ಇಲೆಕ್ಟ್ರಾನ್ ಬಿಡಿಸಿಕೊಂಡು ಹರಿಯಲು ಬೇಕಾದ ಶಕ್ತಿ) ಅಳೆಯುವುದು, 0.7 ಇಲೆಕ್ಟ್ರಾನ್ ವೋಲ್ಟ್‌ನ ಹತ್ತಿರ ಬಾರದಿದ್ದರೆ ಪಕ್ಕದವರ ರೆಕಾರ್ಡ್ ನೋಡಿ ತಿದ್ದುವುದು. (ನಾನೂ ತಿದ್ದಿದ್ದೇನೆ.) ಹಾಗೆ ಬಂದವಳು ಮೊದಲ ವರ್ಷ ಬರೆದ ಪ್ರಸ್ತಾವ: ಸ್ಯಾಂಪಲ್‌ಗೆ ಶೇ 2, 4, 6 ನಿಕ್ಕಲ್ ಬೆರೆಸಿ ರೋಧ ಅಳೆಯುವುದು. ಗೈಡ್ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದದ್ದು ಎರಡೇ ಪದ: ‘ಅಳೆದು? ಆಮೇಲೆ?’ ಮೂರು ದಿನ ಮುನಿಸಿಕೊಂಡಿದ್ದೆ.

ನಾಲ್ಕನೆಯ ದಿನ ಅವರು 1961ರ ಎರಡು ಪ್ರಬಂಧ ಓದಲು ಕೊಟ್ಟರು, ಒಂದೇ ಪ್ರಶ್ನೆಯನ್ನು ಎರಡು ತಂಡಗಳು ಬೇರೆಬೇರೆಯಾಗಿ ಪರೀಕ್ಷಿಸಿದ್ದು. ಅತಿವಾಹಕ (ರೋಧವೇ ಇಲ್ಲದೆ ವಿದ್ಯುತ್ ಹರಿಯುವ ವಸ್ತು) ಕೊಳವೆಯೊಳಗೆ ಸಿಕ್ಕಿಕೊಳ್ಳುವ ಕಾಂತಪ್ರವಾಹ (ಮ್ಯಾಗ್ನೆಟಿಕ್ ಫ್ಲಕ್ಸ್, ಅಂದರೆ ಕಾಂತಕ್ಷೇತ್ರವನ್ನು ಕೊಳವೆಯ ಬಾಯಿಯ ವಿಸ್ತೀರ್ಣದಿಂದ ಗುಣಿಸಿದ್ದು) ಮೆಟ್ಟಿಲು ಮೆಟ್ಟಿಲಾಗಿಯೇ ಏರಬೇಕೆಂದು ಭೌತವಿಜ್ಞಾನಿ ಫ್ರಿಟ್ಸ್ ಲಂಡನ್ ಹಿಂದೆಯೇ ಹೇಳಿದ್ದರು. ವಿದ್ಯುತ್ತನ್ನು ಹೊರುವುದು ಒಂಟಿ ಇಲೆಕ್ಟ್ರಾನ್ ಆದರೆ ಮೆಟ್ಟಿಲು ಅವರು ಹೇಳಿದಷ್ಟೆತ್ತರ, ಜೋಡಿಯಾದರೆ ಅದರರ್ಧ. ಯಾವುದು ಬಂದರೂ ಸುದ್ದಿಯೇ. ಎರಡೂ ತಂಡಗಳಿಗೆ ಸಿಕ್ಕಿದ್ದು ಅರ್ಧ, ಅಂದರೆ ಜೋಡಿ.

ಅವರ ಕೊಳವೆ ಕೂದಲಿಗಿಂತ ಸಪೂರ ಏಕೆ ಎಂದು ನನಗೆ ಹೊಳೆದಿರಲಿಲ್ಲ. ಕಾಗದ ತೆಗೆದುಕೊಂಡು ಕೂತೆ. ವ್ಯಾಸ 10 ಮೈಕ್ರಾನ್ (ಮಿಲಿಮೀಟರಿನ ನೂರರಲ್ಲೊಂದು ಪಾಲು) ಇದ್ದರೆ ಆ ಅರ್ಧ ಮೆಟ್ಟಿಲಿಗೆ ಭೂಮಿಯ ಕಾಂತಕ್ಷೇತ್ರದ ಸುಮಾರು ಅರ್ಧದಷ್ಟು ಬೇಕು, ಅಳೆಯಬಹುದು. ಒಂದು ಮಿಲಿಮೀಟರ್ ಆದರೆ ಅದರ ಹತ್ತು ಸಾವಿರದಲ್ಲೊಂದು ಪಾಲು, ಮೆಟ್ಟಿಲುಗಳೆಲ್ಲ ಕಲಸಿಹೋಗುತ್ತವೆ. ಪ್ರಯೋಗ ಹುಟ್ಟಿದ್ದು ಲ್ಯಾಬಿನಲ್ಲಲ್ಲ, ಈ ಗುಣಾಕಾರದಲ್ಲಿ!

ಈಚೆಗೆ ನನ್ನದೇ ಒಂದು ಆಲೋಚನೆಯನ್ನು ಹೀಗೆ ಒರೆಗೆ ಹಚ್ಚಿದೆ. ಬರಬೇಕಾದ ಸಂಕೇತ (ಸಿಗ್ನಲ್) 3 ನ್ಯಾನೋವೋಲ್ಟ್. ತಂತಿಯ ಬೆಸುಗೆಗಳಲ್ಲಿ ಬಿಸಿ-ತಂಪಿಗೆ ಹುಟ್ಟುವ ವೋಲ್ಟೇಜಿನ ಅಲುಗಾಟವೇ ಅದರ ನೂರು ಪಟ್ಟು. ಅರ್ಧ ಗಂಟೆಯಲ್ಲಿ ಆಲೋಚನೆ ಸತ್ತಿತು. ಬೇಸರವಾಯಿತು, ನಿಜ. ಆದರೆ ಸ್ಯಾಂಪಲ್ ತಂಪಾಗಿಸಲು ಆರು ತಿಂಗಳು ಸುರಿಯಬೇಕಿದ್ದ ದ್ರವ ಹೀಲಿಯಂ ಉಳಿತಾಯವಾಯಿತು.

ಪಠ್ಯಕ್ರಮ ರೂಪಿಸುವವರಲ್ಲಿ ನನ್ನ ಕೋರಿಕೆ ಇಷ್ಟೇ. ಸ್ನಾತಕೋತ್ತರ ಲ್ಯಾಬಿನ ಒಂದು ಪ್ರಯೋಗ ತೆಗೆದುಹಾಕಿ, ಅದರ ಬದಲು ಒಂದು ಪುಟದ ಪ್ರಸ್ತಾವ ಬರೆಸಿ. ಸಂಕೇತ ಎಷ್ಟು ದೊಡ್ಡದು, ಯಾವ ಫಲಿತಾಂಶ ಬಂದರೆ ತನ್ನ ಊಹೆ ಬಿದ್ದುಹೋಗುತ್ತದೆ, ಇವೆರಡನ್ನೂ ವಿದ್ಯಾರ್ಥಿಯೇ ಹೇಳಲಿ. ಅಂಕವನ್ನೂ ಅದಕ್ಕೇ ಕೊಡಿ. ಇದಕ್ಕೆ ಯಾವ ಉಪಕರಣವೂ ಬೇಡ.

— ಒಬ್ಬ ಸಂಶೋಧನಾ ವಿದ್ಯಾರ್ಥಿನಿ