ಆನೆ ಎಲ್ಲಿದೆ ಅಂತ ಮೆಸೇಜ್ ಬರುತ್ತೆ, ರಸ್ತೆ ಮುಚ್ಚಿದ್ದು ಬರಲ್ಲ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ವಾಚಕರ ವಿಭಾಗದಲ್ಲಿ ಹಿರಿಯರೊಬ್ಬರು ಬರೆದಿದ್ದರು. ಈಗಿನ ಟ್ಯಾಕ್ಸಿಯವರಿಗೆ ದಾರಿಯೇ ಗೊತ್ತಿಲ್ಲ, ಮೊಬೈಲ್ ಹೇಳಿದ ಕಡೆ ಸ್ಟೇರಿಂಗ್ ತಿರುಗಿಸುತ್ತಾರೆ, ಗಾಡಿ ನಿಲ್ಲಿಸಿ ಊರಿನವರನ್ನು ಕೇಳುವ ಅಭ್ಯಾಸವೇ ಹೋಯಿತು ಅಂತ. ಓದಿ ಸ್ವಲ್ಪ ಚುಚ್ಚಿತು. ಅದರಲ್ಲಿ ಅರ್ಧ ನಿಜ ಇದೆ, ಅದಕ್ಕೇ ಚುಚ್ಚಿದ್ದು. ಉಳಿದರ್ಧ ಹೇಳೋಣ ಅಂತ ಈ ಕಾಗದ.

ನಾನು ಸಕಲೇಶಪುರದಲ್ಲಿ 22 ವರ್ಷದಿಂದ ಬಾಡಿಗೆ ಕಾರು ಓಡಿಸುತ್ತಿದ್ದೇನೆ. ಮೊದಲು ಓಮ್ನಿ, ಆಮೇಲೆ ಇಂಡಿಕಾ, ಈಗ ಎಟಿಯೋಸ್. ಹಾನುಬಾಳು, ಹೆತ್ತೂರು, ಯಸಳೂರು ಕಡೆಯ ದಾರಿಗಳಲ್ಲಿ ಯಾವ ತಿರುವಿನಲ್ಲಿ ಹಾರನ್ ಹೊಡೆಯಬೇಕು ಅನ್ನುವುದು ಕೈಗೇ ಗೊತ್ತು. ಆದರೂ ಸ್ಟ್ಯಾಂಡಿನಿಂದ ಹೊರಡುವಾಗ ಮೊದಲು ಮಾಡುವ ಕೆಲಸ ಮೊಬೈಲನ್ನು ಹೋಲ್ಡರಿಗೆ ಸಿಕ್ಕಿಸಿ ಮ್ಯಾಪ್ ಹಾಕುವುದು. ಗೆಳೆಯರು ನಗುತ್ತಾರೆ. ಹಾಸನಕ್ಕೆ ಹೋಗೋಕೂ ಮ್ಯಾಪ್ ಬೇಕಾ ಅಂತ. ದಾರಿ ನನಗೆ ಗೊತ್ತು. ಇವತ್ತು ಆ ದಾರಿ ಹೇಗಿದೆ ಅನ್ನುವುದು ಗೊತ್ತಿಲ್ಲವಲ್ಲ.

ಒಂದು ದಿನ ಮಂಗಳೂರು ವಿಮಾನ ನಿಲ್ದಾಣಕ್ಕೆ ಡ್ರಾಪ್ ಇತ್ತು. ಊರು ಬಿಡುವ ಮೊದಲೇ ಮ್ಯಾಪಿನಲ್ಲಿ ದೋಣಿಗಾಲ್ ಆಚೆ ರಸ್ತೆಯ ಗೆರೆ ಕಡುಗೆಂಪಾಗಿತ್ತು, ಅಂದರೆ ಗಾಡಿಗಳು ಜಾಮ್ ಆಗಿವೆ ಅಂತ. ಯಾವುದೋ ಕಂಟೇನರ್ ಅಡ್ಡ ನಿಂತಿದೆ ಅಂತ ಅಂದಾಜು ಮಾಡಿದೆ. ಪಾರ್ಟಿಯನ್ನು ಹೋಟೆಲಿನಲ್ಲಿ ಕೂರಿಸಿ ಅಕ್ಕಿ ರೊಟ್ಟಿ ತಿನ್ನಿಸಿದೆ. ಮುಕ್ಕಾಲು ಗಂಟೆಗೆ ಗೆರೆ ಕಿತ್ತಳೆ ಬಣ್ಣಕ್ಕೆ ಬಂತು, ಹೊರಟೆವು, ವಿಮಾನ ಸಿಕ್ಕಿತು. ಮೊದಲಾಗಿದ್ದರೆ ಆ ಮುಕ್ಕಾಲು ಗಂಟೆ ಲಾರಿಗಳ ಹಿಂದೆ ಹೊಗೆ ಕುಡಿಯುತ್ತಾ ಕಳೆಯಬೇಕಿತ್ತು. ಬೆಂಗಳೂರಿಗೆ ಹೋದಾಗಲಂತೂ ಇದಿಲ್ಲದೆ ಆಗುವುದೇ ಇಲ್ಲ. ಆದರೆ ಪೀಣ್ಯದ ಫ್ಲೈಓವರ್ ಹತ್ತಿರ ಅದಕ್ಕೂ ಒಮ್ಮೊಮ್ಮೆ ತಲೆ ಕೆಡುತ್ತೆ. ನಾನು ಮೇಲಿದ್ದೇನೋ ಕೆಳಗಿದ್ದೇನೋ ಅದಕ್ಕೆ ತಿಳಿಯಲ್ಲ. ಮೇಲೆ ಹೋಗುತ್ತಿರುವಾಗ ‘ಎಡಕ್ಕೆ ತಿರುಗಿ’ ಅನ್ನುತ್ತೆ. ಎಲ್ಲಿ ತಿರುಗಲಿ, ಗಾಳಿಗಾ?

ಮ್ಯಾಪಿನ ದನಿ ಕನ್ನಡದಲ್ಲೇ ಇಟ್ಟುಕೊಂಡಿದ್ದೇನೆ. ಅದೊಂದು ಖುಷಿ. ಊರಿನ ಹೆಸರು ಬಂದಾಗ ಮಾತ್ರ ನಾಲಿಗೆ ಹೊರಳಲ್ಲ ಅದಕ್ಕೆ. ಬಾಳ್ಳುಪೇಟೆಯನ್ನು ಇಂಗ್ಲಿಷಿನಲ್ಲಿ ಬರೆದಿರುವುದನ್ನು ನೋಡಿ ಓದುತ್ತೋ ಏನೋ, ‘ಬಲ್ಲುಪೆಟ್’ ಅನ್ನುತ್ತೆ. ಬಾಳ್ಳುಪೇಟೆಯವರು ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ.

ನನ್ನ ಗಾಡಿ ಹತ್ತುವವರಲ್ಲಿ ಬಹಳ ಜನ ಕೇಳುವ ಒಂದು ಪ್ರಶ್ನೆ ಇದೆ. ಘಾಟಿಯಲ್ಲಿ ಸಿಗ್ನಲ್ ಒಂದು ಕಡ್ಡಿಯೂ ಇಲ್ಲ, ಆದರೂ ಮ್ಯಾಪಿನಲ್ಲಿ ನಮ್ಮ ಗಾಡಿ ತೋರಿಸುವ ಈ ನೀಲಿ ಚುಕ್ಕಿ ಹೇಗೆ ಮುಂದೆ ಹೋಗುತ್ತಿದೆ? ಮೊದಲು ನನಗೂ ಗೊತ್ತಿರಲಿಲ್ಲ. ಹಾಸನದಿಂದ ಬರುತ್ತಿದ್ದ ಎಂಜಿನಿಯರ್ ಒಬ್ಬರು ಬಿಡಿಸಿ ಹೇಳಿದರು. ನಾವು ಎಲ್ಲಿದ್ದೇವೆ ಅಂತ ಹೇಳುವುದು ಉಪಗ್ರಹಗಳು. ಅಮೆರಿಕದ ಜಿಪಿಎಸ್ ಉಪಗ್ರಹಗಳು ಸುಮಾರು 20,000 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಾ ಇರುತ್ತವೆ. ನಮ್ಮ ಮೊಬೈಲ್ ಅವುಗಳಿಗೆ ಏನೂ ಕಳಿಸಲ್ಲ, ರೇಡಿಯೋ ಥರ ಸುಮ್ನೆ ಕೇಳಿಸಿಕೊಳ್ಳುತ್ತೆ. ಕಡಿಮೆ ಅಂದರೂ ನಾಲ್ಕು ಉಪಗ್ರಹಗಳ ದನಿ ಸಿಕ್ಕರೆ ಜಾಗ ಗೊತ್ತಾಗುತ್ತೆ. ಅದಕ್ಕೆ ಇಂಟರ್ನೆಟ್ ಬೇಕಿಲ್ಲ. ಇಂಟರ್ನೆಟ್ ಬೇಕಾಗುವುದು ಆ ಚುಕ್ಕಿಯ ಕೆಳಗಿನ ನಕ್ಷೆಗೆ, ಕೆಂಪು ಹಸಿರು ಬಣ್ಣಕ್ಕೆ, ಯಾವ ದಾರಿ ಮುಚ್ಚಿದೆ ಅನ್ನುವ ಸುದ್ದಿಗೆ. ನಮ್ಮದೇ ನಾವಿಕ್ ಅನ್ನುವ ಉಪಗ್ರಹಗಳೂ ಇವೆ, ಅವನ್ನು ನೋಡಿಕೊಳ್ಳುವುದು ನಿಮ್ಮ ಹಾಸನದಿಂದಲೇ ಅಂದರು. ಸಾಲಗಾಮೆ ರಸ್ತೆಯ ಇಸ್ರೋ ಕೇಂದ್ರದ ಮುಂದೆ ನೂರಾರು ಸಲ ಹಾದು ಹೋಗಿದ್ದೇನೆ. ಆ ದೊಡ್ಡ ಡಿಶ್‌ಗಳೆಲ್ಲ ಟಿವಿಗೆ ಅಂತ ಇಷ್ಟು ದಿನ ಅಂದುಕೊಂಡಿದ್ದೆ.

ಅಂದಿನಿಂದ ಹಾಸನದಿಂದ ಮಂಗಳೂರಿನ ತನಕ ನಕ್ಷೆಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳುತ್ತೇನೆ. ನೆಟ್ ಹೋದರೂ ದಾರಿ ಕಾಣುತ್ತೆ. ಆದರೆ ಮುಂದೆ ಏನಾಗಿದೆ ಅನ್ನುವುದು ಕಾಣಲ್ಲ. ಘಾಟಿಯಲ್ಲಿ ಬೇಕಾದದ್ದು ಅದೇ.

ಮ್ಯಾಪಿನ ಬಣ್ಣದ ವಿಷಯವನ್ನೂ ಆ ಎಂಜಿನಿಯರೇ ಹೇಳಿದ್ದು. ರಸ್ತೆಯಲ್ಲಿ ಕ್ಯಾಮೆರಾ ಇಟ್ಟು ಯಾರೂ ನೋಡುತ್ತಿಲ್ಲವಂತೆ. ನಮ್ಮ ನಮ್ಮ ಮೊಬೈಲುಗಳು ಎಷ್ಟು ವೇಗದಲ್ಲಿ ಹೋಗುತ್ತಿವೆ ಅನ್ನುವುದನ್ನೇ ಒಟ್ಟು ಹಾಕಿ ಬಣ್ಣ ಬಳಿಯುತ್ತಾರೆ. 2020ರಲ್ಲಿ ಬರ್ಲಿನ್‌ನಲ್ಲಿ ಒಬ್ಬ ಕಲಾವಿದ 99 ಹಳೆ ಮೊಬೈಲುಗಳನ್ನು ಒಂದು ಚಿಕ್ಕ ಕೈಗಾಡಿಯಲ್ಲಿ ತುಂಬಿಕೊಂಡು ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಎಳೆದುಕೊಂಡು ಹೋದನಂತೆ. ಮ್ಯಾಪಿನಲ್ಲಿ ಆ ರಸ್ತೆ ಕೆಂಪಾಯಿತು! ನಾನು ಬಹಳ ನಕ್ಕೆ. ಆಮೇಲೆ ಯೋಚನೆ ಬಂತು. 99 ಮೊಬೈಲ್ ಸೇರಿ ಖಾಲಿ ರಸ್ತೆಯನ್ನು ಜಾಮ್ ಮಾಡಬಹುದಾದರೆ, ಒಂದೇ ಒಂದು ಮೊಬೈಲ್ ಕೂಡ ಓಡಾಡದ ನಮ್ಮ ಕಾಫಿ ತೋಟದ ರಸ್ತೆಗಳ ಗತಿ ಏನು? ಅಲ್ಲಿ ಮ್ಯಾಪ್ ಕೆಂಪೂ ತೋರಿಸಲ್ಲ, ಹಸಿರೂ ತೋರಿಸಲ್ಲ. ಬರೀ ಬಿಳಿ ಗೆರೆ. ಬೆಂಗಳೂರಿನವರು ಅದನ್ನು ನೋಡಿ ‘ಸಾರ್, ಈ ರೋಡ್ ಖಾಲಿ ಇದೆ’ ಅನ್ನುತ್ತಾರೆ. ಖಾಲಿ ಅಂತ ಅಲ್ಲ ಅದು. ಗೊತ್ತಿಲ್ಲ ಅಂತ.

ಈಗ ನನ್ನ ಕಥೆಗೆ ಬರುತ್ತೇನೆ. ಹೋದ ಆಷಾಢದಲ್ಲಿ ಒಂದು ಕುಟುಂಬವನ್ನು ಹೆತ್ತೂರು ಕಡೆಯ ಹೋಮ್‌ಸ್ಟೇಗೆ ಕರೆದುಕೊಂಡು ಹೋಗುತ್ತಿದ್ದೆ. ಗಂಡ, ಹೆಂಡತಿ, ಒಂದು ಮಗು, ಒಬ್ಬರು ವಯಸ್ಸಾದ ಅತ್ತೆ. ಸಂಜೆ ಏಳೂವರೆ ದಾಟಿತ್ತು. ಮಳೆ ಒಂದೇ ಸಮನೆ. ಮ್ಯಾಪ್ 4 ಕಿಲೋಮೀಟರ್ ಉಳಿತಾಯ ಆಗುವ ಒಂದು ಒಳರಸ್ತೆ ತೋರಿಸಿತು. ಆ ರಸ್ತೆ ನನಗೆ ಗೊತ್ತಿದ್ದದ್ದೇ, ಆದರೆ ನಾಲ್ಕೈದು ತಿಂಗಳಿಂದ ಹೋಗಿರಲಿಲ್ಲ. ಬಳಸು ದಾರಿಯಲ್ಲೇ ಹೋಗೋಣ ಅನ್ನಿಸಿತು. ಮಗು ಅಳುತ್ತಿತ್ತು, ಅವರೂ ಬೇಗ ತಲುಪೋಣ ಅಂದರು. ಇಳಿಸಿದೆ ಗಾಡಿಯನ್ನು. ತಪ್ಪು ಮ್ಯಾಪಿನದು ಅಂತ ಹೇಳಲ್ಲ, ಸ್ಟೇರಿಂಗ್ ಇದ್ದದ್ದು ನನ್ನ ಕೈಯಲ್ಲೇ.

ಒಂದೂವರೆ ಕಿಲೋಮೀಟರ್ ಹೋದ ಮೇಲೆ ಹೆಡ್‌ಲೈಟಿನಲ್ಲಿ ರಸ್ತೆ ಮಧ್ಯೆ ಒಂದು ಸಿಲ್ವರ್ ಓಕ್ ಮರದ ಕೊಂಬೆ ನೆಟ್ಟಿದ್ದು ಕಂಡಿತು. ಅದರ ಹಿಂದೆ ರಸ್ತೆಯೇ ಇಲ್ಲ. ಮೋರಿ ಕೆಲಸಕ್ಕೆ ಜೆಸಿಬಿಯಲ್ಲಿ ಅಗೆದು ಬಿಟ್ಟಿದ್ದರು. ಎಂಟು ಅಡಿಯಾದರೂ ಆಳ ಇತ್ತು, ಕೆಳಗೆ ಕೆಂಪು ನೀರು ಹರಿಯುತ್ತಿತ್ತು. ಬೋರ್ಡ್ ಇಲ್ಲ, ಟೇಪ್ ಇಲ್ಲ, ದೀಪ ಇಲ್ಲ. ಆ ಕೊಂಬೆ ಒಂದೇ. ಅದನ್ನಾದರೂ ನೆಟ್ಟ ಪುಣ್ಯಾತ್ಮ ಯಾರೋ, ಅವನ ಕೈ ತಣ್ಣಗಿರಲಿ. ಮಳೆ ಇನ್ನೊಂಚೂರು ಜೋರಾಗಿದ್ದರೆ ಕೊಂಬೆಯೂ ಕಾಣುತ್ತಿರಲಿಲ್ಲ.

ತಿರುಗಿಸಲು ಜಾಗ ಇಲ್ಲ. ಒಂದು ಕಡೆ ತೋಟದ ಬೇಲಿ, ಇನ್ನೊಂದು ಕಡೆ ಚರಂಡಿ. ಅಷ್ಟು ದೂರ ರಿವರ್ಸ್. ಆ ಯಜಮಾನರು ಕೊಡೆ ಹಿಡಿದು, ಮೊಬೈಲ್ ಟಾರ್ಚ್ ಹಾಕಿಕೊಂಡು ಹಿಂದೆ ನಡೆದರು. ಅತ್ತೆ ಒಳಗೆ ಕೂತು ಮಂಜುನಾಥನನ್ನು ಕರೆಯುತ್ತಿದ್ದರು. ಮೊಬೈಲಿನ ದನಿ ಮಾತ್ರ ತನ್ನ ಪಾಡಿಗೆ, ಅದೇ ದಾರಿಯಲ್ಲಿ ನೇರ ಹೋಗಿ ಅನ್ನುತ್ತಿತ್ತು. ಬಾಯಿ ಮುಚ್ಚಿಸಿದೆ ಅದನ್ನ.

ಅರ್ಧ ದಾರಿಗೆ ತೋಟದ ಲೆಕ್ಕ ಬರೆಯುವ ರೈಟರ್ ಬೈಕಿನಲ್ಲಿ ಬಂದರು. ‘ಅಣ್ಣ, ಅಗೆದು ಆರು ದಿನ ಆಯ್ತು. ದಿನಾ ಎರಡು ಮೂರು ಕಾರು ಹಿಂಗೇ ಬರ್ತವೆ. ಇವತ್ತು ನಿಮ್ದು ಮೂರನೇದು’ ಅಂದರು. ನಿಮಗೆ ಪತ್ರ ಬರೆದ ಆ ಹಿರಿಯರು ಊರಿನವರನ್ನು ಕೇಳಿ ಅಂತಾರಲ್ಲ, ಕೇಳಬಹುದು. ಆದರೆ ಆಷಾಢದ ಮಳೆಯಲ್ಲಿ, ರಾತ್ರಿ ಎಂಟು ಗಂಟೆಗೆ, ತೋಟದ ಮಧ್ಯದ ಅಡ್ಡರಸ್ತೆಯಲ್ಲಿ ಯಾರನ್ನು ಕೇಳುವುದು? ಕಾಫಿ ಗಿಡವನ್ನೇ?

ಸಿಗ್ನಲ್ ಸಿಕ್ಕಿದ ಕಡೆ ಗಾಡಿ ನಿಲ್ಲಿಸಿ ಮ್ಯಾಪಿನಲ್ಲಿ ‘ರಸ್ತೆ ಮುಚ್ಚಿದೆ’ ಅಂತ ಒತ್ತಿದೆ. ಮರುದಿನ ನಾಲ್ಕು ಜನ ಡ್ರೈವರ್ ಗೆಳೆಯರಿಗೂ ಹಾಗೇ ಒತ್ತಲು ಹೇಳಿದೆ. ಮೂರನೇ ದಿನ ಮ್ಯಾಪಿನಲ್ಲಿ ಆ ರಸ್ತೆ ಮುಚ್ಚಿದ್ದು ಬಂತು. ನನಗೆ ಒಳಗೊಳಗೇ ಹೆಮ್ಮೆ. ಆದರೆ ಇದಕ್ಕೊಂದು ಬಾಲ ಇದೆ. ದಸರಾ ಹೊತ್ತಿಗೆ ಅದೇ ಹೋಮ್‌ಸ್ಟೇಯವರು ಸಿಕ್ಕಿ ಗೊಣಗಿದರು. ಮೋರಿ ಕೆಲಸ ಮುಗಿದು ಒಂದೂವರೆ ತಿಂಗಳಾದರೂ ಮ್ಯಾಪಿನಲ್ಲಿ ರಸ್ತೆ ಮುಚ್ಚಿದೆ ಅಂತಲೇ ಇದೆಯಂತೆ, ಗೆಸ್ಟುಗಳೆಲ್ಲ ಸುತ್ತಿ ಬರುತ್ತಾರಂತೆ. ‘ಯಾವನೋ ಕೆಲಸ ಇಲ್ದೋನು ಒತ್ತಿಬಿಟ್ಟವ್ನೆ’ ಅಂದರು. ನಾನು ಹೂಂ ಅಂದೆ. ಮನೆಗೆ ಬಂದು ಮೊದಲು ‘ರಸ್ತೆ ತೆರೆದಿದೆ’ ಅಂತ ಒತ್ತಿದೆ. ಮುಚ್ಚಿದ್ದನ್ನು ಹೇಳಲು ನನ್ನಂಥ ಒಬ್ಬ ಸಿಟ್ಟಿನಲ್ಲಿ ಸಿಗುತ್ತಾನೆ. ತೆರೆದದ್ದನ್ನು ಹೇಳಲು ಯಾರಿಗೂ ನೆನಪಿರಲ್ಲ.

ನಾನು ಹೇಳಬೇಕೆಂದಿದ್ದದ್ದು ಇಲ್ಲಿಂದ ಮುಂದೆ. ನಮ್ಮ ತಾಲ್ಲೂಕಿನಲ್ಲಿ ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆಯಿಂದ ಮೊಬೈಲಿಗೆ ಮೆಸೇಜ್ ಬರುತ್ತೆ. ಕೆಲವು ಕಡೆ ರಸ್ತೆ ಪಕ್ಕದ ಬೋರ್ಡಿನಲ್ಲೂ ಬರುತ್ತೆ, ಕೆಂಪು ದೀಪ ಮಿನುಗುತ್ತೆ. ಮಕ್ಕಳನ್ನು ಶಾಲೆಗೆ ಕಳಿಸುವವರು, ತೋಟದ ಕೆಲಸಕ್ಕೆ ಹೋಗುವವರು ಅದನ್ನು ನೋಡಿಯೇ ಹೊರಡುತ್ತಾರೆ. ಕಾಡಿನ ಪ್ರಾಣಿ, ಹೇಳಿ ಕೇಳಿ ಓಡಾಡಲ್ಲ, ರಾತ್ರೋರಾತ್ರಿ ಜಾಗ ಬದಲಿಸುತ್ತೆ. ಆದರೂ ಅದರ ಸುದ್ದಿ ನಮಗೆ ಸಿಗುತ್ತೆ. ರಸ್ತೆ ಎಲ್ಲಿಗೂ ಓಡಿ ಹೋಗಲ್ಲ. ಅದನ್ನು ಅಗೆಯುವ ದಿನ ಮೊದಲೇ ಗೊತ್ತಿರುತ್ತೆ, ಅಗೆಯುವವರಿಗೆ ಬಿಲ್ಲೂ ಆಗುತ್ತೆ. ಆದರೆ ಸುದ್ದಿ ಮಾತ್ರ ಬರಲ್ಲ. ಇದೆಂಥ ಲೆಕ್ಕ?

ದೊಡ್ಡ ರಸ್ತೆಗಳ ಕಥೆಯೂ ಪೂರ್ತಿ ಬೇರೆ ಅಲ್ಲ. 2024ರ ಜುಲೈನಲ್ಲಿ ದೊಡ್ಡತಪ್ಪಲೆ ಹತ್ತಿರ ಗುಡ್ಡ ಕುಸಿದು ಶಿರಾಡಿ ಘಾಟಿ ಬಂದ್ ಆದಾಗ ನಮಗೆ ಸುದ್ದಿ ಸಿಗುತ್ತಿದ್ದದ್ದು ವಾಟ್ಸ್ಯಾಪ್ ಗ್ರೂಪಿನಲ್ಲಿ. ಒಬ್ಬ ಬಂದ್ ಅಂತಾನೆ, ಇನ್ನೊಬ್ಬ ಸಣ್ಣ ಗಾಡಿ ಬಿಡ್ತಿದ್ದಾರೆ ಅಂತಾನೆ. ಆದೇಶದ ಫೋಟೋ ಬರುತ್ತೆ, ದಿನಾಂಕ ನೋಡಿದರೆ ಹಿಂದಿನ ವರ್ಷದ್ದು. ಇಂಥ ಹೊತ್ತಿನಲ್ಲಿ ಹೊರಗಿನವರು ಮ್ಯಾಪ್ ನಂಬಿ ಬಿಸಿಲೆ ಘಾಟಿ ಕಡೆಗೋ ಇನ್ನೊಂದು ಕಡೆಗೋ ತಿರುಗಿಬಿಡುತ್ತಾರೆ. ಬಿಸಿಲೆ ರಸ್ತೆ ಚಂದ, ಬೈಯಲ್ಲ. ಆದರೆ ಮಳೆಗಾಲದ ರಾತ್ರಿ, ಎದುರಿಗೆ ಲಾರಿ ಬಂದರೆ ಯಾರು ಹಿಂದೆ ಹೋಗಬೇಕು ಅಂತಲೇ ಅರ್ಧ ಗಂಟೆ ಮಾತು. ಅಲ್ಲಿ ಮೊಬೈಲ್ ಸಿಗ್ನಲ್ಲೂ ಅಷ್ಟಕ್ಕಷ್ಟೇ.

2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿ ಹತ್ತಿರ ಮುರಿದ ಸೇತುವೆ ಮೇಲೆ ಹೋಗಿ ಕಾರು ರಾಮಗಂಗಾ ನದಿಗೆ ಬಿದ್ದು ಮೂರು ಜನ ಸತ್ತ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ಎಲ್ಲರೂ ಮಾತಾಡಿದ್ದು ಮ್ಯಾಪಿನ ಬಗ್ಗೆ. ನನಗೆ ಕಂಡದ್ದು ಬೇರೆ. ಮುಂದೆ ಸೇತುವೆ ಇಲ್ಲ ಅನ್ನುವುದು ಕಾರಿನಲ್ಲಿದ್ದವರಿಗೆ ತಿಳಿಯುವಂತೆ ದಾರಿಯಲ್ಲಿ ಏನಿತ್ತು? ಡ್ರಮ್ಮು, ಮಣ್ಣಿನ ಗುಡ್ಡೆ, ಒಂದು ಕಲ್ಲು?

ನಾನು ಓದಿರುವುದು ಎಸ್ಸೆಸ್ಸೆಲ್ಸಿ ತನಕ, ದೊಡ್ಡ ಯೋಜನೆ ಹೇಳಲು ಬರಲ್ಲ. ಆದರೆ ಎರಡು ಮಾತು ಹೇಳುತ್ತೇನೆ. ಬೋರ್ಡನ್ನು ಗುಂಡಿಯ ಹತ್ತಿರ ಹಾಕಬೇಡಿ, ದೊಡ್ಡ ರಸ್ತೆಯಿಂದ ತಿರುಗುವ ಜಾಗದಲ್ಲಿ ಹಾಕಿ. ಗುಂಡಿ ಹತ್ತಿರ ಬೋರ್ಡ್ ಇದ್ದರೆ ಜೀವ ಉಳಿಯಬಹುದು, ಆದರೂ ಒಂದೂವರೆ ಕಿಲೋಮೀಟರ್ ರಿವರ್ಸ್ ತಪ್ಪಲ್ಲ. ಇನ್ನೊಂದು, ಆನೆಗೆ ಮಾಡಿದ ವ್ಯವಸ್ಥೆಯನ್ನೇ ರಸ್ತೆಗೂ ಮಾಡಿ. ತಾಲ್ಲೂಕಿಗೆ ಒಬ್ಬರು ಸಾಕು. ಯಾವ ರಸ್ತೆ ಯಾವತ್ತು ಮುಚ್ಚುತ್ತೆ, ಯಾವತ್ತು ತೆರೆಯುತ್ತೆ ಅಂತ ಟ್ಯಾಕ್ಸಿಯವರಿಗೆ, ಆಂಬುಲೆನ್ಸಿನವರಿಗೆ, ಹಾಲಿನ ಗಾಡಿಯವರಿಗೆ ಮೆಸೇಜ್ ಕಳಿಸಲಿ, ಮ್ಯಾಪಿನವರಿಗೂ ತಿಳಿಸಲಿ. ಕೆಲಸ ಮುಗಿಸಿ ಬಿಲ್ ಬರೆಯುವ ದಿನ ‘ತೆರೆದಿದೆ’ ಅಂತ ಒತ್ತುವುದನ್ನೂ ಸೇರಿಸಿಬಿಡಿ, ನನ್ನಂಥವರು ಬೈಸಿಕೊಳ್ಳುವುದು ತಪ್ಪುತ್ತೆ.

ಆ ಹಿರಿಯರಿಗೆ ಇನ್ನೊಂದು ಮಾತು. ಮೊಬೈಲ್ ಕೈಯಲ್ಲಿ ಹಿಡಿದು ಓಡಿಸುವವರನ್ನು ಕಂಡರೆ ನನಗೂ ಆಗಲ್ಲ. ದಾರಿ ನೋಡುವುದಕ್ಕೆ ಅಂತಾದರೆ, ಗಮನ ಕೆಡದ ಹಾಗೆ ಮೊಬೈಲ್ ಬಳಸಬಹುದು ಅಂತ 2020ರಿಂದ ನಿಯಮದಲ್ಲೇ ಇದೆ. ಮಾತಾಡುವುದಕ್ಕೆ, ವಿಡಿಯೋ ನೋಡುವುದಕ್ಕೆ ಅಲ್ಲ. ನಾನು ಹೊರಡುವ ಮೊದಲೇ ಊರಿನ ಹೆಸರು ಹಾಕಿ ಹೋಲ್ಡರಿಗೆ ಸಿಕ್ಕಿಸುತ್ತೇನೆ, ಆಮೇಲೆ ಮುಟ್ಟಲ್ಲ. ಬೇಸಿಗೆಯಲ್ಲಿ ಗ್ಲಾಸಿನ ಬಿಸಿಲಿಗೆ ಮೊಬೈಲ್ ಕಾದು ತಾನಾಗಿಯೇ ಆಫ್ ಆಗುತ್ತೆ ಅಂತ ಹೋಲ್ಡರನ್ನು ಎಸಿ ಗಾಳಿ ಬರುವ ಕಡೆ ಇಟ್ಟಿದ್ದೇನೆ. ಪಾರ್ಟಿಯವರು ತಮಗೆ ಗಾಳಿ ಬರುತ್ತಿಲ್ಲ ಅಂತ ಗೊಣಗುತ್ತಾರೆ, ಅದು ಬೇರೆ ವಿಷಯ.

ಈಗ ಒಳರಸ್ತೆಗೆ ಇಳಿಯುವ ಮೊದಲು ಹೋಮ್‌ಸ್ಟೇಗೆ ಒಂದು ಫೋನ್ ಮಾಡುತ್ತೇನೆ. ಆ ತೋಟದ ರೈಟರ್ ನಂಬರೂ ತಗೊಂಡಿದ್ದೇನೆ. ಈ ಸಲದ ಮಳೆಗೆ ಅವರು ಇಲ್ಲಿಯ ತನಕ ನಾಲ್ಕು ರಸ್ತೆ ಹೇಳಿದ್ದಾರೆ. ಮ್ಯಾಪಿನಲ್ಲಿ ಆ ನಾಲ್ಕೂ ಇವತ್ತು ಬೆಳಿಗ್ಗೆ ನೋಡಿದಾಗ ಬಿಳಿ ಗೆರೆಯಾಗಿಯೇ ಇದ್ದವು.

ಇತಿ,
ಒಬ್ಬ ಟ್ಯಾಕ್ಸಿ ಚಾಲಕ, ಸಕಲೇಶಪುರ
(ಹೋಮ್‌ಸ್ಟೇಯವರು ನಿಮ್ಮ ಪತ್ರಿಕೆ ತರಿಸುತ್ತಾರೆ, ದಯವಿಟ್ಟು ಹೆಸರು ಹಾಕಬೇಡಿ.)